ಮನೆಯಂಗಳದ ದ್ರಾಕ್ಷಿ: ಯಾವ ಬಳ್ಳಿ, ಎಂಥ ಚಪ್ಪರ, ಎಷ್ಟು ಚಾಟ್ನಿ

ವಿಜಯಪುರದ ನಮ್ಮ ಓಣಿಯಲ್ಲಿ ನಾಲ್ಕು ಮನೆಗಳಿಗೆ ದ್ರಾಕ್ಷಿ ಬಳ್ಳಿ ಇದೆ, ಎರಡು ಮನೆಗಳಿಗೆ ದ್ರಾಕ್ಷಿ ಇದೆ. ಉಳಿದೆರಡು ಮನೆಯವರಿಗೆ ಬರೀ ನೆರಳು. "ತಿಕೋಟಾ ಕಡೆ ಹೋದರೆ ಕಲ್ಲು ನೆಲದಲ್ಲೂ ದ್ರಾಕ್ಷಿ ಬೆಳೆಯುತ್ತಾರೆ, ನಮ್ಮ ಅಂಗಳಕ್ಕೇನು ಧಾಡಿ?" ಎಂದು ಅವರು ಕೇಳುತ್ತಾರೆ. ಅಂಗಳಕ್ಕೆ ಏನೂ ಆಗಿಲ್ಲ. ಬಳ್ಳಿ ತಂದ ದಿನವೇ ಆಯ್ಕೆ ತಪ್ಪಿರುತ್ತದೆ, ಇಲ್ಲವೇ ಚಾಟ್ನಿಗೆ, ಅಂದರೆ ಬಳ್ಳಿಯ ಕಡ್ಡಿ ಕತ್ತರಿಸಲು, ಕತ್ತರಿ ಹಿಡಿಯಬೇಕಾದ ದಿನ ಹಿಡಿದಿರುವುದಿಲ್ಲ. ಔಷಧದ ಅಂಗಡಿಗೆ ಓಡುವುದು ಆಮೇಲಿನ ಮಾತು. ನಾವು ಮೊದಲು ಓಡುವುದು ಅಲ್ಲಿಗೇ.

ನನ್ನ ಭಾವನದು ದ್ರಾಕ್ಷಿ ತೋಟ. ನನ್ನದು ಮನೆಯ ಮುಂದಿನ ಎರಡು ಬಳ್ಳಿ. ಅವನ ತೋಟದ ಲೆಕ್ಕ ಬೇರೆ, ನನ್ನ ಅಂಗಳದ ಲೆಕ್ಕ ಬೇರೆ ಎಂದು ಅರಿಯಲು ನನಗೆ ನಾಲ್ಕು ವರ್ಷ ಬೇಕಾಯಿತು. ಆ ನಾಲ್ಕು ವರ್ಷ ನಿಮಗೆ ಉಳಿದರೆ ಒಳ್ಳೆಯದು.

ಮೊದಲು ನಿಮ್ಮ ಊರು ಯಾವುದು

ವಿಜಯಪುರಕ್ಕೆ ವರ್ಷಕ್ಕೆ ಬೀಳುವ ಮಳೆ ಸರಾಸರಿ 600 ಮಿಲಿಮೀಟರಿನ ಆಸುಪಾಸು. ಬೆಳಗಾವಿ ನಗರದಲ್ಲಿ ಅದರ ಸುಮಾರು ಎರಡು ಪಟ್ಟು. ಈ ಒಂದು ಅಂತರದಿಂದಲೇ ಅರ್ಧ ನಿರ್ಧಾರ ಆಗಿಬಿಡುತ್ತದೆ. ಅಥಣಿ ಬೆಳಗಾವಿ ಜಿಲ್ಲೆಯಲ್ಲಿದ್ದರೂ ದ್ರಾಕ್ಷಿಯ ಕಣ್ಣಿಗೆ ಅದು ವಿಜಯಪುರವೇ, ಬಾಗಲಕೋಟೆ ಜಿಲ್ಲೆಯ ಜಮಖಂಡಿಯೂ ಅಷ್ಟೇ. ಆದರೆ ಬೆಳಗಾವಿ ಪೇಟೆಯಲ್ಲಿರುವ ನನ್ನ ಅಕ್ಕನ ಹಿತ್ತಲಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಲೆ ಒಣಗುವುದೇ ಇಲ್ಲ. ಅಲ್ಲಿ ಬೀಜವಿಲ್ಲದ ಉದ್ದ ದ್ರಾಕ್ಷಿ ಹಚ್ಚಿದರೆ ಶಿಲೀಂಧ್ರಕ್ಕೆ ಊಟ ಬಡಿಸಿದಂತೆ. ಇಲ್ಲಿ ನಮಗೆ ನೀರಿನ ಉಪ್ಪು ಮತ್ತು ಬಿಸಿಲಿನ ಕಾಟ, ಅಲ್ಲಿ ತೇವದ ಕಾಟ.

ಥಾಮ್ಸನ್ ಬಳಗವೋ, ಕರಿ ದ್ರಾಕ್ಷಿಯೋ, ಬೆಂಗಳೂರು ನೀಲಿಯೋ

ಪೇಟೆಯಲ್ಲಿ ಸೋನಾಕಾ, ತಾಸ್‌-ಎ-ಗಣೇಶ್, ಮಾಣಿಕ್ ಚಮನ್ ಎಂದು ಬೇರೆ ಬೇರೆ ಹೆಸರು ಕೇಳಿ ಗಾಬರಿಯಾಗಬೇಡಿ. ಇವೆಲ್ಲ ಥಾಮ್ಸನ್ ಸೀಡ್‌ಲೆಸ್ ಎಂಬ ಬೀಜವಿಲ್ಲದ ಹಸಿರು ದ್ರಾಕ್ಷಿಯ ಮನೆತನದವೇ. ತೋಟದಲ್ಲಿ ಯಾವುದೋ ಒಂದು ಕಡ್ಡಿಗೆ ಬೇರೆ ಥರದ ಮಣಿ ಬಂದದ್ದನ್ನು ರೈತರೇ ಗುರುತಿಸಿ, ಅದನ್ನೇ ಬೇರೆ ಮಾಡಿ ಬೆಳೆಸಿದ ತಳಿಗಳು. ತಿನ್ನಲು, ಮಣೂಕ (ಒಣದ್ರಾಕ್ಷಿ) ಮಾಡಲು ಇವುಗಳನ್ನು ಮೀರಿಸುವವು ಇಲ್ಲ. ಆದರೆ ಇವು ಮಾಲೀಕನಿಂದ ಕೆಲಸ ಕೇಳುವ ಬಳ್ಳಿಗಳು. ವರ್ಷಕ್ಕೆ ಎರಡು ಸಲ ಕತ್ತರಿಸಬೇಕು, ಮೋಡ ಕವಿದರೆ ಎಲೆ ತಿರುವಿ ನೋಡಬೇಕು, ತಪ್ಪಿದರೆ ಆ ವರ್ಷದ ಹಣ್ಣು ಇಲ್ಲ.

ಕರಿ ದ್ರಾಕ್ಷಿಯಲ್ಲಿ ನಮ್ಮ ಕಡೆ ಶರದ್ ಸೀಡ್‌ಲೆಸ್ ಹೆಚ್ಚು. ಥಾಮ್ಸನ್‌ಗಿಂತ ಬೇಗ ಹಣ್ಣಾಗುತ್ತದೆ, ಬಣ್ಣ ಬಂದದ್ದು ಕಣ್ಣಿಗೆ ಕಾಣುವುದರಿಂದ ಮಕ್ಕಳಿರುವ ಮನೆಗೆ ಖುಷಿ. ಹಕ್ಕಿಗಳಿಗೂ ಕಣ್ಣಿದೆ ಎಂಬುದೊಂದೇ ತೊಂದರೆ.

ಬೆಂಗಳೂರು ನೀಲಿಯನ್ನು ನಮ್ಮ ಜಿಲ್ಲೆಯವರು ಮೂಗು ಮುರಿದು ನೋಡುತ್ತಾರೆ. ಬೀಜ ಇದೆ, ಸಿಪ್ಪೆ ದಪ್ಪ, ತಿರುಳು ಸಿಪ್ಪೆಯಿಂದ ಜಾರಿ ಬರುತ್ತದೆ, ವಾಸನೆ ಕಟು. ಒಪ್ಪಿದೆ. ಆದರೂ ಅಂಗಳಕ್ಕೆ ಒಂದೇ ಬಳ್ಳಿ ಎಂದರೆ, ಅದೂ ಬೆಳಗಾವಿಯಂಥ ತೇವದ ಊರಿನಲ್ಲಿ ಎಂದರೆ, ನಾನು ಕಣ್ಣು ಮುಚ್ಚಿ ಅದನ್ನೇ ಹೇಳುತ್ತೇನೆ. ಥಾಮ್ಸನ್ ಸೋಲುವ ರೋಗಗಳನ್ನು ಅದು ಎಷ್ಟೋ ಮಟ್ಟಿಗೆ ತಾಳಿಕೊಳ್ಳುತ್ತದೆ, ಕತ್ತರಿ ಹಿಡಿಯುವ ಕೈ ಸ್ವಲ್ಪ ತಪ್ಪಿದರೂ ಮುನಿಸಿಕೊಳ್ಳುವುದಿಲ್ಲ, ಎರಡು ಚಾಟ್ನಿಗೂ ಕಾಯಿ ಕೊಡುತ್ತದೆ. ಷರಬತ್ತಿಗೆ ಅದರ ಸಮ ಯಾವುದೂ ಇಲ್ಲ. ಅಕ್ಕನಿಗೆ ಮೊದಲು ನಾನೇ ಹೆಮ್ಮೆಯಿಂದ ಸೋನಾಕಾ ಕೊಟ್ಟಿದ್ದೆ. ಎರಡು ಮಳೆಗಾಲದಲ್ಲಿ ಅದು ಬರೀ ಕಡ್ಡಿಯಾಗಿ ನಿಂತಿತು. ಈಗ ಆ ಜಾಗದಲ್ಲಿ ಬೆಂಗಳೂರು ನೀಲಿ ಇದೆ, ಅಕ್ಕನಿಗೆ ನನ್ನ ಮೇಲಿನ ಸಿಟ್ಟೂ ಇಳಿದಿದೆ.

ಕಡ್ಡಿ ನೆಡುವುದೋ, ಕಸಿ ಗಿಡ ಕೊಳ್ಳುವುದೋ

ಇಲ್ಲಿ ನಿರ್ಧರಿಸಬೇಕಾದದ್ದು ನಿಮ್ಮ ನಲ್ಲಿಯ ನೀರು. ನಮ್ಮ ಜಿಲ್ಲೆಯ ಎಷ್ಟೋ ಕೊಳವೆಬಾವಿಗಳ ನೀರು ಸವುಳು. ಪಾತ್ರೆಯ ಒಳಗೆ ಬಿಳಿ ಪದರು ಕಟ್ಟುತ್ತಿದ್ದರೆ, ಸೋಪು ನೊರೆ ಬರದಿದ್ದರೆ ಬಳ್ಳಿಗೂ ಆ ನೀರು ಒಗ್ಗುವುದು ಅನುಮಾನ. ಅಂಥಲ್ಲಿ ಥಾಮ್ಸನ್ ಬಳಗವನ್ನು ಸ್ವಂತ ಬೇರಿನ ಮೇಲೆ ಬೆಳೆಸಿದರೆ ಎಲೆಯ ಅಂಚು ಸುಟ್ಟು, ಬಳ್ಳಿ ವರ್ಷದಿಂದ ವರ್ಷಕ್ಕೆ ಸೊರಗುತ್ತದೆ. ಅದಕ್ಕೇ ತೋಟದವರು ಡಾಗ್‌ರಿಡ್ಜ್ ಎಂಬ ಕಾಡು ದ್ರಾಕ್ಷಿಯ ಬೇರಿಗೆ ಕಸಿ ಕಟ್ಟುತ್ತಾರೆ. ಅದರ ಬೇರು ಉಪ್ಪನ್ನೂ ಬರವನ್ನೂ ತಡೆಯುತ್ತದೆ. ನೀರಿನ ಬಗ್ಗೆ ಅನುಮಾನ ಇದ್ದರೆ ಒಂದು ಬಾಟಲಿ ತುಂಬಿಕೊಂಡು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಕೊಟ್ಟು ಬನ್ನಿ, ಗಿಡ ಕೊಳ್ಳುವ ಮೊದಲು.

ಸಿಹಿನೀರು ಇದ್ದವರು ಕಸಿ ಗಿಡಕ್ಕೆ ದುಡ್ಡು ಹಾಕುವ ಅಗತ್ಯ ಕಡಿಮೆ. ಅಕ್ಟೋಬರ್ ಚಾಟ್ನಿಯಲ್ಲಿ ಪ್ರತಿ ತೋಟದ ಬದುವಿನ ಮೇಲೆ ಕಡ್ಡಿಯ ರಾಶಿ ಬಿದ್ದಿರುತ್ತದೆ, ಕೇಳಿದರೆ ಯಾರೂ ಇಲ್ಲ ಎನ್ನುವುದಿಲ್ಲ. ಪೆನ್ಸಿಲ್ ದಪ್ಪದ, ಕಂದು ಬಣ್ಣಕ್ಕೆ ತಿರುಗಿದ, ನಾಲ್ಕು ಕಣ್ಣಿನ (ಚಿಗುರೊಡೆಯುವ ಮೊಗ್ಗಿನ) ಕಡ್ಡಿ ಆರಿಸಿ. ಎರಡು ಕಣ್ಣು ಮಣ್ಣಿನೊಳಗೆ, ಎರಡು ಮೇಲೆ. ತಲೆಕೆಳಗಾಗಿ ನೆಡದಂತೆ ಕೆಳತುದಿಯನ್ನು ಓರೆಯಾಗಿ ಕತ್ತರಿಸಿಟ್ಟುಕೊಳ್ಳುವುದು ನನ್ನ ಅಭ್ಯಾಸ. ಬೆಂಗಳೂರು ನೀಲಿಯೂ ಹೀಗೆ ಕಡ್ಡಿಯಿಂದ ಸಲೀಸಾಗಿ ಬರುತ್ತದೆ.

ಕಸಿ ಗಿಡಕ್ಕೆ ಒಂದು ಅಪಾಯ ಇದೆ, ಅದನ್ನು ನಾನು ಮೈಮೇಲೆ ಎಳೆದುಕೊಂಡವನು. ಹನ್ನೆರಡು ವರ್ಷದ ಹಿಂದೆ ಒಂದು ನರ್ಸರಿಯಿಂದ ಕಸಿ ಗಿಡ ತಂದು ಹಚ್ಚಿದೆ. ಮೊದಲ ಬೇಸಿಗೆಯಲ್ಲಿ ಮೇಲಿನ ಕಸಿ ಕಡ್ಡಿ ಒಣಗಿತು, ನನಗೆ ತಿಳಿಯಲಿಲ್ಲ. ಬುಡದಿಂದ ಭರ್ಜರಿ ಚಿಗುರು ಬಂತು. ಅದನ್ನೇ ಎರಡು ವರ್ಷ ಹಾಲು ತುಪ್ಪ ಎರೆದು ಸಾಕಿದೆ, ಚಪ್ಪರಕ್ಕೆ ಹತ್ತಿಸಿದೆ, ಬಂದವರಿಗೆ ತೋರಿಸಿದೆ. ಭಾವ ಒಂದು ದಿನ ಬಂದು ಎಲೆಯನ್ನು ಬೆರಳ ನಡುವೆ ಉಜ್ಜಿ ನಕ್ಕ. ದಪ್ಪ, ತೊಗಲಿನಂಥ ಎಲೆ, ಕೆಳಗೆ ನವಿರಾದ ರೋಮ, ಸೀಳುಗಳೇ ಇಲ್ಲ. ಥಾಮ್ಸನ್ ಎಲೆ ತೆಳು, ನುಣುಪು, ಸೀಳು ಸ್ಪಷ್ಟ. ನಾನು ಸಾಕಿದ್ದು ಡಾಗ್‌ರಿಡ್ಜನ್ನು. ಅಂದಿನಿಂದ ಕಸಿ ಗಂಟನ್ನು ನೆಲದಿಂದ ಗೇಣು ಮೇಲಿಟ್ಟು ನೆಡುತ್ತೇನೆ, ಗಂಟಿನ ಕೆಳಗಿನ ಚಿಗುರನ್ನು ಕಂಡ ದಿನವೇ ಚಿವುಟುತ್ತೇನೆ. ಗಂಟು ಮಣ್ಣಿನಲ್ಲಿ ಹೂತರೆ ಮೇಲಿನ ಥಾಮ್ಸನ್ ತಾನೇ ಬೇರು ಬಿಟ್ಟು, ಡಾಗ್‌ರಿಡ್ಜಿಗೆ ಕೊಟ್ಟ ಹಣ ನೀರಿಗೆ ಹೋಗುತ್ತದೆ.

ನೆಲ, ಕುಂಡ, ಚಪ್ಪರ, ತಂತಿ

ನೆಲ ಇದ್ದವರು ಕುಂಡದ ಮಾತು ಎತ್ತಬೇಡಿ. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ, ಮಾಳಿಗೆಯ ಮೇಲಿನ ಕುಂಡದಲ್ಲಿ ಬೇರು ಬೇಯುತ್ತದೆ. ಜಮಖಂಡಿಯ ಗೆಳೆಯನೊಬ್ಬ ಮಾಳಿಗೆಯಲ್ಲೇ ಬೆಳೆಯುತ್ತಾನೆ, ಅವನಿಗೆ ಬೇರೆ ದಾರಿ ಇಲ್ಲ. 60 ಲೀಟರಿನ ಡ್ರಮ್ಮಿಗೆ ಸುಣ್ಣ ಬಳಿದು, ಗೋಣಿಚೀಲ ಸುತ್ತಿ, ಬೇಸಿಗೆಯಲ್ಲಿ ದಿನಕ್ಕೆರಡು ಸಲ ನೀರುಣಿಸಿ ವರ್ಷಕ್ಕೆ ಐದಾರು ಗೊಂಚಲು ತೆಗೆಯುತ್ತಾನೆ. ಊರಿಗೆ ಹೋದರೆ ನೀರು ಹಾಕಲು ಒಬ್ಬರನ್ನು ಹುಡುಕಬೇಕು.

ನೆಲದಲ್ಲಾದರೆ ಎರಡಡಿ ಉದ್ದ, ಅಗಲ, ಆಳದ ಗುಂಡಿ. ಯರಿ (ಕಪ್ಪು) ನೆಲವಾದರೆ ಮಳೆಗಾಲದಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ಮರಳನ್ನೂ ಹಳೆಯ ತಿಪ್ಪೆ ಗೊಬ್ಬರವನ್ನೂ ಕೂಡಿಸಿ, ಸುತ್ತಲಿನ ನೆಲಕ್ಕಿಂತ ಸ್ವಲ್ಪ ಎತ್ತರ ಮಾಡಿ ನೆಡಿ. ಮಸಾರಿ (ಕೆಂಪು) ನೆಲದವರಿಗೆ ಈ ಚಿಂತೆ ಇಲ್ಲ. ದಿನಕ್ಕೆ ಏಳೆಂಟು ತಾಸು ನೇರ ಬಿಸಿಲು ಬೀಳದ ಜಾಗ, ಬೇವಿನ ಮರದ ಅಡಿ, ಎರಡು ಮನೆಗಳ ನಡುವಿನ ಸಂದು, ಇವಕ್ಕೆ ದ್ರಾಕ್ಷಿಯ ಬದಲು ಮಲ್ಲಿಗೆ ಸಾಕು.

ಚಪ್ಪರ ಮತ್ತು ತಂತಿಯ ನಡುವೆ ಆರಿಸುವುದೂ ಊರಿನ ಮೇಲೇ. ವಿಜಯಪುರ, ಬಾಗಲಕೋಟೆಯಲ್ಲಿ ಏಳಡಿ ಎತ್ತರದ ಚಪ್ಪರವೇ ಸರಿ. ಎಲೆ ಮೇಲೆ ಬಿಸಿಲುಂಡು, ಗೊಂಚಲು ಕೆಳಗೆ ನೆರಳಲ್ಲಿ ತೂಗುತ್ತದೆ. ಮಾರ್ಚಿನ ಬಿಸಿಲು ನೇರ ಬಿದ್ದರೆ ಮಣಿಗಳು ಸುಟ್ಟು ಕಂದಾಗುತ್ತವೆ. ಬೆಳಗಾವಿಯಲ್ಲಿ ಗೋಡೆಯಿಂದ ಒಂದಡಿ ಬಿಟ್ಟು ಮೂರು ಸಾಲು ತಂತಿ ಎಳೆದು ಅದರ ಮೇಲೆ ಹಬ್ಬಿಸಿದರೆ ಗಾಳಿಯಾಡಿ ಎಲೆ ಬೇಗ ಒಣಗುತ್ತದೆ. ಅಲ್ಲಿ ಅದೇ ಮುಖ್ಯ.

ಒಂದು ಚಾಟ್ನಿಯೋ, ಎರಡೋ

"ಬಳ್ಳಿ ಮಾಳಿಗೆ ತುಂಬ ಹಬ್ಬಿದೆ, ಕಾಯಿ ಯಾಕಿಲ್ಲ?" ನನಗೆ ಬರುವ ಹತ್ತು ಪ್ರಶ್ನೆಗಳಲ್ಲಿ ಏಳು ಇದೇ.

ಚಳಿ ದೇಶಗಳಲ್ಲಿ ದ್ರಾಕ್ಷಿ ಎಲೆ ಉದುರಿಸಿ ಮಲಗುತ್ತದೆ, ವಸಂತಕ್ಕೆ ಎದ್ದು ಹೂ ಬಿಡುತ್ತದೆ. ಅಲ್ಲಿ ವರ್ಷಕ್ಕೊಂದು ಕತ್ತರಿ ಸಾಕು. ಮೊಬೈಲ್‌ನಲ್ಲಿ ಬರುವ ಎಷ್ಟೋ ವಿಡಿಯೊಗಳು ಆ ದೇಶಗಳವು, ಅವನ್ನು ನೋಡಿ ಜನವರಿಯಲ್ಲಿ ಬಳ್ಳಿ ಕತ್ತರಿಸಿದವರನ್ನು ಕಂಡಿದ್ದೇನೆ. ನಮ್ಮಲ್ಲಿ ಬಳ್ಳಿ ಮಲಗುವುದೇ ಇಲ್ಲ, ವರ್ಷವಿಡೀ ಬೆಳೆಯುತ್ತಲೇ ಇರುತ್ತದೆ. ಅದಕ್ಕೆ ಋತು ತೋರಿಸುವ ಕೆಲಸ ಕತ್ತರಿಯದು. ಹೀಗಾಗಿ ಎರಡು ಚಾಟ್ನಿ: ಏಪ್ರಿಲ್‌ನದು ಕಡ್ಡಿಗಾಗಿ, ಅಕ್ಟೋಬರಿನದು ಕಾಯಿಗಾಗಿ.

ಏಪ್ರಿಲ್ ಚಾಟ್ನಿಯನ್ನು ನಾನು ಯುಗಾದಿಯ ಮಗ್ಗುಲಲ್ಲಿ ಮುಗಿಸುತ್ತೇನೆ, ಹಣ್ಣು ಇಳಿಸಿ ಮೂರು ವಾರ ಬಳ್ಳಿಗೆ ವಿಶ್ರಾಂತಿ ಕೊಟ್ಟ ಮೇಲೆ. ಪ್ರತಿ ಕಡ್ಡಿಯನ್ನೂ ಒಂದೇ ಕಣ್ಣು ಬಿಟ್ಟು ಕತ್ತರಿಸಬೇಕು. ಮೊದಲ ಸಲ ಇದನ್ನು ಮಾಡುವಾಗ ಕೈ ನಡುಗುತ್ತದೆ. ಚಪ್ಪರದ ಮೇಲೆ ನಾಲ್ಕು ಬೋಳು ಕೊಂಬೆ ಉಳಿದು, ಮನೆಯವರು "ಕೊಂದೇಬಿಟ್ಟಿರಿ" ಎನ್ನುತ್ತಾರೆ. ಹದಿನೈದು ದಿನ ಕಾಯಿರಿ. ಚಿಗುರು ಬಂದ ಮೇಲೆ ದಟ್ಟವಾದವನ್ನು ಕಿತ್ತು, ಉಳಿದವು ಏಳು ಎಲೆಯಾದಾಗ ತುದಿ ಚಿವುಟಿ. ಚಿವುಟಿದಲ್ಲಿಂದ ಪಕ್ಕದ ಕವಲು ಮುಂದೆ ಹೋಗುತ್ತದೆ, ಆ ಜಾಗದಲ್ಲಿ ಒಂದು ಗಂಟು ಕಟ್ಟುತ್ತದೆ. ಆ ಗಂಟನ್ನು ನೆನಪಿಟ್ಟುಕೊಳ್ಳಿ.

ಚಾಟ್ನಿಯಾದ 40ರಿಂದ 60 ದಿನಗಳ ನಡುವೆ ಕಣ್ಣಿನೊಳಗೆ ಗೊಂಚಲಿನ ಮೊಳಕೆ ರೂಪುಗೊಳ್ಳುತ್ತದೆ. ಅಂದರೆ ಶಿವರಾತ್ರಿಗೆ ತಿನ್ನುವ ಹಣ್ಣಿನ ಹಣೆಬರಹ ಹಿಂದಿನ ವರ್ಷದ ಮೇ, ಜೂನ್‌ನಲ್ಲೇ ಬರೆದಾಗಿರುತ್ತದೆ. ಆಗ ಕಡ್ಡಿಗೆ ಬಿಸಿಲು ಬೀಳದಿದ್ದರೆ, ಯೂರಿಯಾ ಸುರಿದು ನೀರು ತುಂಬಿಸಿ ಎಲೆಯ ಕಾಡು ಬೆಳೆಸಿದರೆ ಅದೇ ಕಣ್ಣು ಗೊಂಚಲಿನ ಬದಲು ಕುಡಿಬಳ್ಳಿ ಕೊಡುತ್ತದೆ. ನಮ್ಮ ಓಣಿಯ ಆ ಎರಡು ನೆರಳಿನ ಚಪ್ಪರಗಳ ಕಥೆ ಇಷ್ಟೇ. ಅವರು ಏಪ್ರಿಲ್‌ನಲ್ಲಿ ಮುಟ್ಟುವುದಿಲ್ಲ, "ಬೇಸಿಗೆಗೆ ನೆರಳಾಗಲಿ" ಎನ್ನುತ್ತಾರೆ. ನೆರಳೂ ಬೇಕು, ಹಣ್ಣೂ ಬೇಕು ಎಂದರೆ ಏಪ್ರಿಲ್ ಕೊನೆಯ ಮೂರು ವಾರ ಅಂಗಳಕ್ಕೆ ಶೇಡ್‌ನೆಟ್ ಕಟ್ಟಿಕೊಳ್ಳಿ.

ಅಕ್ಟೋಬರ್ ಚಾಟ್ನಿಗೆ ಸೀಗೆ ಹುಣ್ಣಿಮೆ ನನ್ನ ಗುರುತು. ಆಗ ಕಡ್ಡಿಯ ಗಂಟನ್ನು ಹುಡುಕಿ, ಅದರ ಮುಂದೆ ಒಂದು ಕಣ್ಣು ಬಿಟ್ಟು ಕತ್ತರಿಸಿ. ಗಂಟಿನ ಬಳಿಯ ದುಂಡು ಕಣ್ಣುಗಳೇ ಗೊಂಚಲು ಕೊಡುವವು. ಚಪ್ಪಟೆ, ಚೂಪು ಕಣ್ಣಿನಿಂದ ಹೆಚ್ಚು ನಿರೀಕ್ಷಿಸಬೇಡಿ. ಹಿಂಗಾರು ಮಳೆ ಇನ್ನೂ ಸುರಿಯುತ್ತಿದ್ದರೆ ಎರಡು ವಾರ ತಡೆಯುವುದು ಲೇಸು. ಎಳೆ ಚಿಗುರಿನ ಮೇಲೆ ಮಳೆ ಬಿದ್ದರೆ ಡೌನಿ ಎಂಬ ಎಲೆರೋಗ ಬಿಡುವುದಿಲ್ಲ. ಆದರೆ ನವೆಂಬರ್ ದಾಟಿಸಿದರೆ ಚಳಿಗೆ ಕಣ್ಣು ಒಡೆಯುವುದು ನಿಧಾನ, ಹಣ್ಣು ಏಪ್ರಿಲ್ ಬಿಸಿಲಿಗೆ ಸಿಗುತ್ತದೆ. ಕತ್ತರಿಸಿದ ತುದಿಯಿಂದ ನೀರು ತೊಟ್ಟಿಕ್ಕಿದರೆ ಹೆದರಬೇಕಿಲ್ಲ, ಬೇರು ಎದ್ದಿದೆ ಎಂದಷ್ಟೇ ಅರ್ಥ. ತೋಟದವರು ಕಣ್ಣು ಒಡೆಯಲು ಹಚ್ಚುವ ಹೈಡ್ರೋಜನ್ ಸಯನಮೈಡ್ ಘೋರ ವಿಷ. ಎರಡು ಬಳ್ಳಿಯ ಮನೆಗೆ ಅದು ಬರಲೇಬಾರದು.

ಡೌನಿಯೋ, ಬೂದಿಯೋ

ಎಲೆಯ ಮೇಲೆ ಬಿಳಿ ಕಂಡ ಕೂಡಲೇ ಗಂಧಕ ತಂದು ಹೊಡೆಯುವುದು ಸಾಮಾನ್ಯ ತಪ್ಪು. ಬಿಳಿ ಎಲ್ಲಿದೆ ಎಂದು ಮೊದಲು ನೋಡಬೇಕು. ಎಲೆಯ ಮೇಲ್ಮೈಯಲ್ಲಿ ಎಣ್ಣೆ ಬಿದ್ದಂಥ ಹಳದಿ ಮಚ್ಚೆ, ಅದೇ ಜಾಗದ ಅಡಿಯಲ್ಲಿ ಹತ್ತಿಯಂಥ ಬಿಳಿ ಇದ್ದರೆ ಡೌನಿ, ಅಂದರೆ ಬೂಜು ತುಪ್ಪಟ ರೋಗ. ಮೇಲ್ಮೈಯಲ್ಲೇ ವಿಭೂತಿ ಉದುರಿಸಿದಂತೆ ಇದ್ದು, ಬೆರಳಿಗೆ ಹತ್ತಿದರೆ ಬೂದಿ ರೋಗ. ಡೌನಿಗೆ ಎಲೆಯ ಮೇಲೆ ನೀರು ನಿಲ್ಲಬೇಕು. ಮಳೆ, ಮಂಜು, ಸಂಜೆ ಪೈಪ್ ಹಿಡಿದು ಬಳ್ಳಿಗೆ ಸ್ನಾನ ಮಾಡಿಸುವ ಉತ್ಸಾಹ, ಯಾವುದಾದರೂ ಸಾಕು. ಬೂದಿಗೆ ಆ ನೀರು ಬೇಡ. ಮೋಡ, ತಂಪು, ಗಾಳಿಯಾಡದ ಚಪ್ಪರ ಇದ್ದರೆ ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಒಣಹವೆಯಲ್ಲೂ ಬರುತ್ತದೆ, ಮಣಿಗಳ ಮೇಲೆ ಕೂತು ಅವನ್ನು ಸೀಳುತ್ತದೆ.

ಡೌನಿಗೆ ಬೋರ್ಡೋ ದ್ರಾವಣ, ಬೂದಿಗೆ ನೀರಿನಲ್ಲಿ ಕರಗುವ ಗಂಧಕ. ಇದರಲ್ಲಿ ಆಯ್ಕೆ ಇಲ್ಲ. ಒಂದರ ಔಷಧ ಇನ್ನೊಂದಕ್ಕೆ ಹೊಡೆದರೆ ಹಣವೂ ಹೋಯಿತು, ಎಲೆಯೂ ಹೋಯಿತು. ಬೋರ್ಡೋ ಹುಟ್ಟಿದ್ದೂ ತಮಾಷೆಯಾಗಿಯೇ. 1880ರ ದಶಕದಲ್ಲಿ ಫ್ರಾನ್ಸಿನ ಬೋರ್ಡೋ ಸೀಮೆಯ ರೈತರು ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ರಸ್ತೆ ಬದಿಯ ಸಾಲುಗಳಿಗೆ ಮೈಲುತುತ್ತ ಮತ್ತು ಸುಣ್ಣ ಕಲಸಿ ಬಳಿಯುತ್ತಿದ್ದರು. ಆ ಸಾಲುಗಳಿಗೆ ಮಾತ್ರ ಡೌನಿ ಬಾರದ್ದನ್ನು ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ಗಮನಿಸಿದ. ಕಳ್ಳರ ಕಾಟದಿಂದ ಬಂದ ಔಷಧ ಇಂದಿಗೂ ನಮ್ಮ ತೋಟಗಳಲ್ಲಿದೆ.

ಮನೆಯಲ್ಲೇ ಮಾಡಬಹುದು. ಐದು ಲೀಟರಿಗೆ 50 ಗ್ರಾಂ ಮೈಲುತುತ್ತ, 50 ಗ್ರಾಂ ಸುಟ್ಟ ಸುಣ್ಣ. ಮೈಲುತುತ್ತವನ್ನು ಬಟ್ಟೆಯಲ್ಲಿ ಕಟ್ಟಿ ರಾತ್ರಿ ಎರಡೂವರೆ ಲೀಟರ್ ನೀರಿನಲ್ಲಿ ತೂಗುಬಿಡಿ, ಬೆಳಗಾಗುವಷ್ಟರಲ್ಲಿ ಕರಗಿರುತ್ತದೆ. ಇನ್ನೊಂದು ಬಕೆಟ್ಟಿನಲ್ಲಿ ಅಷ್ಟೇ ನೀರಿಗೆ ಸುಣ್ಣ ಅರಳಿಸಿ, ಆರಿದ ಮೇಲೆ ಸೋಸಿ. ಎರಡೂ ಪ್ಲಾಸ್ಟಿಕ್ ಬಕೆಟ್ಟೇ ಆಗಿರಲಿ. ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಸುರಿಯುತ್ತ ಕೋಲಿನಿಂದ ತಿರುವಿದರೆ ತಿಳಿ ಆಕಾಶದ ಬಣ್ಣ ಬರುತ್ತದೆ. ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು, ಹಾಗೇ ಹೊಡೆದರೆ ಎಲೆ ಸುಡುತ್ತದೆ. ಇನ್ನಷ್ಟು ಸುಣ್ಣದ ನೀರು ಕೂಡಿಸಿ ಮತ್ತೆ ಅದ್ದಿ. ಮಾಡಿದ ದಿನವೇ ಖಾಲಿ ಮಾಡಬೇಕು. ಎಳೆ ಚಿಗುರಿಗೆ ಅರ್ಧ ಪ್ರಮಾಣ ಸಾಕು. ಕಾಯಿ ಕಟ್ಟಿದ ಮೇಲೆ ಬೇಡ, ಕಲೆ ಉಳಿಯುತ್ತದೆ. ಮಕ್ಕಳನ್ನು ದೂರ ಇಡಿ, ಕೈಗವಸು ಹಾಕಿಕೊಳ್ಳಿ.

ಗಂಧಕ ಲೀಟರಿಗೆ ಎರಡು ಗ್ರಾಂ. ಬಿಸಿಲು 32 ಡಿಗ್ರಿ ದಾಟುವ ಹೊತ್ತಿನಲ್ಲಿ ಹೊಡೆದರೆ ಎಲೆ ಸುಟ್ಟುಹೋಗುತ್ತದೆ, ಅಂದರೆ ನಮ್ಮ ಊರಿನಲ್ಲಿ ಬೆಳಗಿನ ಎಂಟು ಗಂಟೆಯೊಳಗೆ ಹೊಡೆದು ಮುಗಿಸಬೇಕು. ಬೇವಿನೆಣ್ಣೆ ಹೊಡೆದ ಹದಿನೈದು ದಿನಗಳಲ್ಲಿ ಗಂಧಕ ಮುಟ್ಟಬೇಡಿ.

ಎಲೆ ಹಳದಿ, ಅಂಚು ಕಂದು

ಹಳದಿ ಎಂದರೆ ಗೊಬ್ಬರ ಕಡಿಮೆ ಎಂದು ತಿಳಿಯುವವರು ಬಹಳ. ಕೆಳಗಿನ ಹಳೆಯ ಎಲೆ ಇಡಿಯಾಗಿ ಹಳದಿಯಾದರೆ ಅದು ನಿಜ, ಗೊಬ್ಬರ ಹಾಕಿ. ತುದಿಯ ಎಳೆ ಎಲೆ ಹಳದಿಯಾಗಿ, ನರ ಮಾತ್ರ ಹಸಿರು ಉಳಿದರೆ ಕಬ್ಬಿಣದ ಕೊರತೆ. ನಮ್ಮ ಸುಣ್ಣದ ನೆಲದಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ, ಆದ್ದರಿಂದ ಅದನ್ನು ಎಲೆಗೆ ಸಿಂಪಡಿಸುವುದು ಬೇಗ ಫಲ ಕೊಡುತ್ತದೆ. ಹಳೆಯ ಎಲೆಯ ಅಂಚು ಸುಟ್ಟು ಒಳಗೆ ಒಳಗೆ ಬಂದರೆ ಉಪ್ಪು. ಅದಕ್ಕೆ ಯಾವ ಗೊಬ್ಬರವೂ ಮದ್ದಲ್ಲ, ಹಾಕಿದರೆ ಇನ್ನಷ್ಟು ಕೆಡುತ್ತದೆ. ಮಳೆನೀರು ಹಿಡಿದು ಬುಡಕ್ಕೆ ಬಿಡುವುದೊಂದೇ ದಾರಿ.

ಇರುವೆ, ಹಕ್ಕಿ, ಜಿ.ಎ.

ಕಾಂಡದ ಮೇಲೆ ಇರುವೆಯ ಸಾಲು ಕಂಡರೆ ಮೇಲೆಲ್ಲೋ ಹಿಟ್ಟು ತಿಗಣೆ ಇದೆ. ಅದು ಒಸರುವ ಸಿಹಿಗಾಗಿ ಇರುವೆಗಳು ಅದನ್ನು ಕಾಯುತ್ತವೆ. ಔಷಧ ಹೊಡೆಯುವುದಕ್ಕಿಂತ, ಏಪ್ರಿಲ್ ಚಾಟ್ನಿಯಲ್ಲಿ ಸಡಿಲಾದ ತೊಗಟೆ ಸುಲಿದು ಸುಟ್ಟು, ಕಾಂಡಕ್ಕೆ ಪ್ಲಾಸ್ಟಿಕ್ ಪಟ್ಟಿ ಸುತ್ತಿ ಅದರ ಮೇಲೆ ಗ್ರೀಸ್ ಬಳಿಯುವುದು ಮನೆಗೆ ಮೇಲು. ತೊಗಟೆಯ ಅಡಿಯಲ್ಲೇ ಅವುಗಳ ಸಂಸಾರ.

ಹಕ್ಕಿಗೆ ಚಪ್ಪರದ ಪೂರ್ತಿ ಬಲೆ ಹಾಕಿದರೆ ಒಂದಲ್ಲ ಒಂದು ಗಿಳಿ ಸಿಕ್ಕಿಬೀಳುತ್ತದೆ, ಬಿಡಿಸುವಾಗ ಕಚ್ಚುತ್ತದೆ. ಇಪ್ಪತ್ತು ಗೊಂಚಲಿಗೆ ಹಳೆಯ ಪತ್ರಿಕೆಯ ಚೀಲ ಸಾಕು. ಅದು ಬಿಸಿಲನ್ನೂ ತಡೆಯುತ್ತದೆ.

ಪೇಟೆಯ ದ್ರಾಕ್ಷಿಯಂತೆ ಮಣಿ ಉದ್ದ ಆಗಬೇಕೆಂದು ಜಿಬ್ಬರೆಲಿಕ್ ಆಮ್ಲ (ಜಿ.ಎ.) ಕೇಳುತ್ತ ಬರುವವರಿದ್ದಾರೆ. ತೋಟದವರಿಗೆ ಗಾತ್ರ ನೋಡಿ ದರ, ನಿಮಗೆ ಯಾರು ದರ ಕಟ್ಟುತ್ತಾರೆ? ಕಾಯಿ ಗೋಲಿಯಷ್ಟಾಗುವ ಮೊದಲು ದಟ್ಟ ಗೊಂಚಲಿನಿಂದ ಮೂರರಲ್ಲಿ ಒಂದು ಮಣಿಯನ್ನು ಸಣ್ಣ ಕತ್ತರಿಯಿಂದ ತೆಗೆದರೆ ಉಳಿದವು ತಾವೇ ದಪ್ಪ ಆಗುತ್ತವೆ. ಒಂದು ಬಳ್ಳಿಗೆ ಎರಡು ಸಂಜೆಯ ಕೆಲಸ, ಚಹಾ ಕುಡಿಯುತ್ತ ಮಾಡಬಹುದು.

ಯಾವಾಗ ಕೀಳುವುದು

ಬಾಳೆಯಂತೆ ದ್ರಾಕ್ಷಿಯನ್ನು ಕಿತ್ತು ಮುಚ್ಚಿಟ್ಟು ಹಣ್ಣು ಮಾಡಲು ಬರುವುದಿಲ್ಲ. ಬಳ್ಳಿಯ ಮೇಲೆ ಎಷ್ಟು ಸಿಹಿಯೋ ಅಷ್ಟೇ. ಬಣ್ಣ ಬಂದ ಮೇಲೆ ನೀರು ಕಡಿಮೆ ಮಾಡಿ. ಒಣಗಿಸಿ ಒಮ್ಮೆಲೇ ತುಂಬ ನೀರು ಬಿಟ್ಟರೆ ಮಣಿ ಒಡೆಯುತ್ತದೆ. ರುಚಿ ನೋಡುವಾಗ ಗೊಂಚಲಿನ ಹೆಗಲಿನ ಮಣಿ ಬಾಯಿಗೆ ಹಾಕಿಕೊಂಡು ಮೋಸ ಹೋಗಬೇಡಿ, ಅದು ಮೊದಲು ಹಣ್ಣಾಗುವುದು. ಎಲ್ಲಕ್ಕಿಂತ ಕೆಳಗಿನ ತುದಿಯ ಮಣಿ ತಿನ್ನಿ. ಕಳೆದ ಬಾರಿ ಶಿವರಾತ್ರಿಯ ಉಪವಾಸಕ್ಕೆ ಬೇಕೆಂದು ನಮ್ಮ ಮನೆಯಲ್ಲಿ ಒತ್ತಾಯ ಬಂತು. ತುದಿಯ ಮಣಿ ಹುಳಿ ಇತ್ತು. ಪೇಟೆಯಿಂದ ಒಂದು ಕಿಲೋ ತಂದುಕೊಟ್ಟು, ನಮ್ಮ ಬಳ್ಳಿಯದನ್ನು ಹೋಳಿಯವರೆಗೆ ಚೀಲದೊಳಗೇ ಬಿಟ್ಟೆ.